ಗೇಮಿಂಗ್ ಲ್ಯಾಪ್‌ಟಾಪ್‌ಗೆ ನಾವೇ ರ‍್ಯಾಮ್ ಹಾಕಿದರೆ ವಾರಂಟಿ ಹೋಗುತ್ತದೆಯೇ?

ರ‍್ಯಾಮ್ ಅಥವಾ ಎಸ್‌ಎಸ್‌ಡಿ (ಫೈಲ್ ಉಳಿಸುವ ಡ್ರೈವ್) ಸೇರಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ಬಿಚ್ಚುವಾಗ ನೀವು ಮುರಿದದ್ದಕ್ಕೆ ಕಂಪನಿ ಹೊಣೆಯಲ್ಲ. ಸ್ಕ್ರೂ ಮೇಲೆ ‘ತೆಗೆದರೆ ವಾರಂಟಿ ಇಲ್ಲ’ ಎನ್ನುವ ಸ್ಟಿಕ್ಕರ್ ಇದ್ದರೆ ಮೊದಲೇ ಸೇವಾ ಕೇಂದ್ರದ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಫೋನಿನಲ್ಲಿ ಆಡಿದ ಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ! ಇಂತಹ ಸ್ಟಿಕ್ಕರ್‌ಗಳ ಬಗ್ಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಕಂಪನಿಗಳನ್ನು ಎಚ್ಚರಿಸಿತ್ತು, ಆದರೆ ಅದು ಅಲ್ಲಿನ ಮಾತು, ಇಲ್ಲಿ ನೆಚ್ಚಿಕೊಳ್ಳಬೇಡಿ.

8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇದ್ದು ಇನ್ನೊಂದು ಸ್ಲಾಟ್ ಖಾಲಿಯಿದ್ದರೆ ಅಂಥದ್ದೇ ಇನ್ನೊಂದನ್ನು ಹಾಕಿ. ಎರಡು ಚಾನೆಲ್‌ಗಳು (ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿಗಳು) ಒಟ್ಟಿಗೆ ದುಡಿಯುವುದರಿಂದ ಅನೇಕ ಆಟಗಳು ತಡವರಿಸುವುದು ಕಡಿಮೆಯಾಗುತ್ತದೆ. ಡಿಡಿಆರ್4, ಡಿಡಿಆರ್5 ರ‍್ಯಾಮ್‌ನ ಬೇರೆ ಬೇರೆ ಪೀಳಿಗೆಗಳು; ಡಿಡಿಆರ್4 ಸ್ಲಾಟಿನಲ್ಲಿ ಡಿಡಿಆರ್5 ಕೂರುವುದಿಲ್ಲ, ಬಲವಂತ ಮಾಡಬೇಡಿ. ಕೈಯಿಡುವ ಮುನ್ನ ಒಳಗಿನ ಬ್ಯಾಟರಿಯ ಸಂಪರ್ಕ ತಪ್ಪಿಸಿ. ಗ್ರಾಫಿಕ್ಸ್ ಚಿಪ್ ಬದಲಿಸುವ ಆಸೆಯನ್ನಂತೂ ಬಿಡಿ. ಬಹುತೇಕ ಮಾದರಿಗಳಲ್ಲಿ ಅದು ಮದರ್‌ಬೋರ್ಡಿಗೇ ಬೆಸೆದಿರುತ್ತದೆ.