ಮೊದಲ ಒಂದು ರಾತ್ರಿಗೆ ಯಾರು ಜೊತೆ?

ಸೈಕಲ್ ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 38. ಎರಡು ವರ್ಷಗಳಿಂದ ದಿನವೂ ಬೆಳಿಗ್ಗೆ 20 ಕಿ.ಮೀ. ಸೈಕಲ್ ತುಳಿಯುತ್ತಿದ್ದೇನೆ. ಸಾಮಾನು ಕಟ್ಟಿಕೊಂಡು ಎರಡು ಮೂರು ದಿನ ಸುತ್ತಿ ಬರಬೇಕೆಂಬ ಆಸೆಯಿದೆ. ಊರಿನ ಸೈಕಲ್ ಗುಂಪಿನೊಡನೆ ಒಮ್ಮೆ ಹೋದೆ. ಎಲ್ಲರೂ ಗಂಡಸರು, ಅರ್ಧ ಗಂಟೆಯಲ್ಲಿ ಕಣ್ಮರೆಯಾದರು. ಮನೆಯಲ್ಲಿ ಒಬ್ಬಳೇ ಹೋಗುವುದು ಬೇಡ ಎನ್ನುತ್ತಾರೆ. ನಾನು ಯಾರಿಂದ ಕಲಿಯಲಿ?
– ಓದುಗರು, ಶಿವಮೊಗ್ಗ

ಉತ್ತರ: ಹೊಸಬರನ್ನು ಹಿಂದೆ ಬಿಟ್ಟು ಓಡುವ ಗುಂಪಿನಿಂದ ಯಾರೂ ಏನನ್ನೂ ಕಲಿಯಲಾರರು. ಹಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಹಿಂದುಳಿದವಳು. ಕಳಚಿದ ಚೈನನ್ನು ರಸ್ತೆಯ ಪಕ್ಕದ ಹುಣಸೆ ಮರದ ಕೆಳಗೆ ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂರಿಸಿ, ಚಹಾದಂಗಡಿಗೆ ಬಂದು ಸೇರುವಷ್ಟರಲ್ಲಿ ಉಳಿದವರು ಲೋಟ ಕೆಳಗಿಟ್ಟು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು. ಮುಂದಿದ್ದವರಿಗೆ 20 ನಿಮಿಷದ ವಿಶ್ರಾಂತಿ ಸಿಕ್ಕಿತ್ತು. ಎಲ್ಲರಿಗಿಂತ ಹೆಚ್ಚು ದಣಿದಿದ್ದ ನನಗೆ ಒಂದು ನಿಮಿಷವೂ ಸಿಗಲಿಲ್ಲ. ಕೊನೆಯವರು ಬಂದು ಕುಳಿತು ನೀರು ಕುಡಿದ ಮೇಲೆಯೇ ವಿಶ್ರಾಂತಿಯ ಹೊತ್ತನ್ನು ಎಣಿಸಲು ಶುರುಮಾಡಬೇಕು ಎಂಬ ನಿಯಮವನ್ನು ಅಂದಿನಿಂದ ಇಂದಿನವರೆಗೂ ಪಾಲಿಸುತ್ತಿದ್ದೇನೆ.

ನಿಮಗೆ ಬೇಕಾಗಿರುವುದು ಪದಕ ಗೆದ್ದ ಸವಾರರ ಸಲಹೆಗಿಂತ ಹೆಚ್ಚಾಗಿ, ಕಳೆದ ವರ್ಷವಷ್ಟೇ ಮೊದಲ ಬಾರಿ ಹೀಗೆ ಹೋಗಿಬಂದ ಒಬ್ಬ ಹೆಣ್ಣುಮಗಳ ಜೊತೆ. ಸೀಟು ಉಜ್ಜಿ ತೊಡೆ ಸುಟ್ಟದ್ದು ಎಷ್ಟನೆಯ ಕಿಲೋಮೀಟರಿನಲ್ಲಿ, ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆ, ಲಾಡ್ಜಿನವರು ‘ಒಬ್ಬರೇನಾ?’ ಎಂದು ಕೇಳಿದಾಗ ಏನು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ ಎಂಬುದೆಲ್ಲ ಅವಳಿಗೆ ಇನ್ನೂ ನೆನಪಿರುತ್ತದೆ. ಹತ್ತು ವರ್ಷದ ಅನುಭವಿಗೆ ಇವು ಮರೆತುಹೋಗಿರುತ್ತವೆ. ಗಂಡಸಾಗಿದ್ದರೆ ಇವುಗಳಲ್ಲಿ ಕೆಲವು ಅವರ ಅನುಭವಕ್ಕೇ ಬಂದಿರುವುದಿಲ್ಲ.

ಇದು ನಮ್ಮ ನೆರೆಯಲ್ಲೇ ಪರೀಕ್ಷೆಗೆ ಒಳಪಟ್ಟ ವಿಚಾರ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ‘ಅರಿವೊಳಿ’ ಸಾಕ್ಷರತಾ ಆಂದೋಲನ ನಡೆದಾಗ, ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಸೈಕಲ್ ಕಲಿಕೆಯನ್ನೂ ಅದರ ಭಾಗವಾಗಿಸಿದರು. ಕೂಲಿ ಕೆಲಸದವರು, ಕಲ್ಲುಕ್ವಾರಿಯವರು, ಅಂಗನವಾಡಿ ಕಾರ್ಯಕರ್ತೆಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಹತ್ತಿದರು. ಅಲ್ಲಿ ಕಲಿತವರೇ ಪಕ್ಕದವರಿಗೆ ಕಲಿಸಿದ್ದರಿಂದ, ಕೆಲವರ ಸಾಹಸವಾಗಿ ಉಳಿಯಬಹುದಾಗಿದ್ದ ಕೆಲಸ ಇಡೀ ಜಿಲ್ಲೆಯ ಅಭ್ಯಾಸವಾಯಿತು. ದೂರದ ಅಲಾಸ್ಕಾದಲ್ಲಿಯೂ ಇಂಥದ್ದೇ ಒಂದು ಪ್ರಯತ್ನವಿದೆ. 2016ರಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ನಡೆಯುವ ಟ್ರಾನ್ಸ್ ಆಮ್ ಸ್ಪರ್ಧೆಯಲ್ಲಿ ಗಂಡಸರನ್ನೂ ಹಿಂದಿಕ್ಕಿ ಮೊದಲಿಗರಾದ ಲೇಲ್ ವಿಲ್ಕಾಕ್ಸ್, ಮರುವರ್ಷವೇ ಆಂಕರೇಜ್ ನಗರದ ಶಾಲಾ ಹುಡುಗಿಯರಿಗಾಗಿ ಒಂದು ತರಬೇತಿಯನ್ನು ಕಟ್ಟಿದರು. ಅದರಲ್ಲಿ ಹುಡುಗಿಯರು ಹಲವು ವಾರ ಒಟ್ಟಿಗೆ ಸವಾರಿ ಮಾಡಿ, ಕೊನೆಗೆ ಮನೆಯಿಂದಾಚೆ ರಾತ್ರಿ ಕಳೆಯುವ ಪ್ರವಾಸಕ್ಕೆ ಹೊರಡುತ್ತಾರೆ. ಆ ಕ್ರಮ ನನಗೆ ಮುಖ್ಯವೆನಿಸುತ್ತದೆ: ಮೊದಲು ವಾರಗಳ ಒಡನಾಟ, ಆಮೇಲೆ ರಾತ್ರಿ ತಂಗುವ ಪ್ರಯಾಣ.

ನೀವಿರುವ ಊರಿನಿಂದಲೇ ಒಳ್ಳೆಯ ಮೊದಲ ದಾರಿಯಿದೆ. ತೀರ್ಥಹಳ್ಳಿ ಸುಮಾರು 60 ಕಿ.ಮೀ.; ಸಕ್ರೆಬೈಲು ದಾಟಿ, ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಮಂಡಗದ್ದೆಯಲ್ಲಿ ತುಂಗೆಯ ದಡದಲ್ಲಿ ಕುಳಿತು ತಿಂಡಿ ತಿಂದು, ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ರಾತ್ರಿ ಪರಿಚಯದ ಮನೆಯಲ್ಲೋ ಮೊದಲೇ ಮಾತನಾಡಿಟ್ಟ ಲಾಡ್ಜಿನಲ್ಲೋ ಉಳಿದು ಮರುದಿನ ಹಿಂದಿರುಗಿ. ದಾರಿಯುದ್ದಕ್ಕೂ ಊರುಗಳಿವೆ, ಬಸ್ಸುಗಳು ಓಡಾಡುತ್ತವೆ. ಸಾಕೆನಿಸಿದ ಕಡೆ ನಿಲ್ಲಿಸುವ ಅವಕಾಶವಿದ್ದರೆ ಹೊಸಬರ ಮನಸ್ಸು ಅರ್ಧ ಹಗುರವಾಗುತ್ತದೆ. ರಸ್ತೆ ಕೆಲವೆಡೆ ಕಿರಿದಾದ್ದರಿಂದ ಬೆಳಕು ಹರಿಯುತ್ತಲೇ ಹೊರಡಿ, ಮಳೆಗಾಲದಲ್ಲಿ ಹೋಗಬೇಡಿ. ಕಾಡಿನಲ್ಲಿ ಡೇರೆ ಹಾಕುವ ಚಿತ್ರಗಳನ್ನು ನೋಡಿ ಆಸೆಪಡಬೇಡಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ, ಜೊತೆಗೆ ಅದು ಆನೆಗಳು ಓಡಾಡುವ ಸೀಮೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಹೊರೆ ಹೊತ್ತ ಸೈಕಲ್ಲಿನಲ್ಲಿ ಇಳಿಯುವುದು ಮೂರನೆಯ ಅಥವಾ ನಾಲ್ಕನೆಯ ಪ್ರವಾಸಕ್ಕಿರಲಿ.

ಹೊರಡುವ ಮುನ್ನ ಪಂಕ್ಚರ್ ಹಾಕುವುದನ್ನು ಮಾತ್ರ ನಿಮ್ಮ ಕೈಯಿಂದಲೇ ಮಾಡಿ ಕಲಿತಿರಬೇಕು. ಅಂಗಡಿಯಲ್ಲಿ ನೀರಿನ ಬಾಣಲೆಯಿರುತ್ತದೆ, ದಾರಿಯಲ್ಲಿ ಇರುವುದಿಲ್ಲ. ಟ್ಯೂಬಿಗೆ ಗಾಳಿ ತುಂಬಿ ತುಟಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿದರೆ ತೂತಿನಿಂದ ಹೊರಡುವ ಸಣ್ಣ ಗಾಳಿ ಚರ್ಮಕ್ಕೆ ತಿಳಿಯುತ್ತದೆ. ತೂತು ಸಿಕ್ಕ ಮೇಲೆ ಅದರ ಸುತ್ತ ಉಜ್ಜುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗಿ ಬೆರಳಿಗೆ ಅಂಟಿಯೂ ಅಂಟದಂತಾಗುವವರೆಗೆ ತಾಳಿ ತೇಪೆ ಒತ್ತಿ. ಹೊಸಬರು ತಪ್ಪುವುದು ಈ ತಾಳ್ಮೆಯಲ್ಲೇ. ಟ್ಯೂಬು ಒಳಗೆ ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ಜಾಲಿಮುಳ್ಳು ಅಲ್ಲೇ ಉಳಿದಿದ್ದರೆ ಹೊಸ ತೇಪೆಯ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ.

ಪ್ರಶ್ನೆ: ಇಂಥ ಪ್ರವಾಸಕ್ಕೆ ಯಾವ ಸೈಕಲ್ ಕೊಳ್ಳಬೇಕು?
– ಓದುಗರು, ಹಾಸನ

ಉತ್ತರ: ಬ್ರೇಕು ಸರಿಯಿರುವ, ಗೇರಿರುವ, ನಿಮ್ಮ ಎತ್ತರಕ್ಕೆ ಹೊಂದುವ ಸೈಕಲ್ ಮನೆಯಲ್ಲಿದ್ದರೆ ಅದೇ ಸಾಕು. ದುಬಾರಿ ಚೀಲಗಳ ಬದಲು ಕ್ಯಾರಿಯರಿಗೆ ಒಂದು ನೀರಿಳಿಯದ ಚೀಲವನ್ನು, ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಭಾರದ ವಸ್ತುಗಳು ತಳದಲ್ಲಿರಲಿ. ಒಂದು ರಾತ್ರಿಗೆ ಐದಾರು ಕಿಲೋಗಿಂತ ಹೆಚ್ಚು ಹೊರೆ ಬೇಡ.

ಪ್ರಶ್ನೆ: ನಾನು ಟ್ರಾನ್ಸ್ ಮಹಿಳೆ. ‘ಮಹಿಳೆಯರಿಗಾಗಿ ಸೈಕಲ್ ಪ್ರವಾಸ’ ಎಂಬ ಪ್ರಕಟಣೆ ಓದಿದಾಗಲೆಲ್ಲ ಅದು ನನಗೂ ಅನ್ವಯಿಸುತ್ತದೆಯೇ ಎಂಬ ಅನುಮಾನ ಬರುತ್ತದೆ. ನನ್ನ ಗುರುತಿನ ಚೀಟಿಯಲ್ಲಿರುವುದು ಹಳೆಯ ಹೆಸರು. ಲಾಡ್ಜಿನ ಕೌಂಟರಿನಲ್ಲಿ ಎಲ್ಲರೆದುರು ವಿವರಿಸುವ ಭಯದಿಂದಲೇ ಇದುವರೆಗೆ ಹೊರಟಿಲ್ಲ.
– ಓದುಗರು, ಮೈಸೂರು

ಉತ್ತರ: ಆ ಅನುಮಾನವನ್ನು ಹೋಗಲಾಡಿಸುವ ಹೊಣೆ ಪ್ರಕಟಣೆ ಹೊರಡಿಸಿದವರದು. ಅಮೆರಿಕದ ‘ರ‍್ಯಾಡಿಕಲ್ ಅಡ್ವೆಂಚರ್ ರೈಡರ್ಸ್’ನಂಥ ಸಂಘಟನೆಗಳು ಮಹಿಳೆಯರು, ಟ್ರಾನ್ಸ್ ವ್ಯಕ್ತಿಗಳು, ಹೆಣ್ಣು ಗಂಡೆಂಬ ಎರಡೂ ಗುರುತಿಗೆ ಸೇರದವರು ಎಂದು ಯಾರು ಯಾರಿಗೆ ಸ್ವಾಗತವಿದೆಯೆಂಬುದನ್ನು ಬಿಡಿಸಿ ಹೇಳಿವೆ. ನಮ್ಮಲ್ಲಿಯೂ ಒಂದು ಸಾಲಿನಲ್ಲಿ ಹಾಗೆ ಬರೆಯಲು ಏನೂ ಅಡ್ಡಿಯಿಲ್ಲ, ಬರೆಯಲೇಬೇಕೆಂದು ನಾನು ಸಂಘಟಕರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ. ಬರೆದಿಲ್ಲದ ಕಡೆ ನೀವೇ ಫೋನ್ ಮಾಡಿ ಎರಡು ವಿಷಯ ಕೇಳಿ: ರಾತ್ರಿ ಕೋಣೆಯ ಹಂಚಿಕೆ ಹೇಗೆ, ದಾರಿಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಮುಂದೆ ನಿಂತು ಮಾತನಾಡುವವರು ಯಾರು. ಎರಡನೆಯದಕ್ಕೆ ಒಬ್ಬರ ಹೆಸರು ಸಿಗದಿದ್ದರೆ ಆ ಗುಂಪು ಇನ್ನೂ ಸಿದ್ಧವಾಗಿಲ್ಲ ಎಂದು ತಿಳಿಯಿರಿ.

ಸಾರ್ವಜನಿಕರಿಗೆ ತೆರೆದಿರುವ ವಸತಿ ಮತ್ತು ಸೇವೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ವಿರುದ್ಧ ತಾರತಮ್ಯ ಮಾಡುವುದನ್ನು 2019ರ ಕಾಯ್ದೆ ನಿಷೇಧಿಸಿದೆ. ಆದರೆ 70 ಕಿ.ಮೀ. ತುಳಿದು, ಬೆವರಿನ ಬಟ್ಟೆಯಲ್ಲಿ, ಕತ್ತಲಾಗುವ ಹೊತ್ತಿನಲ್ಲಿ ಕಾಯ್ದೆಯ ಮಾತಾಡುವ ಶಕ್ತಿ ಯಾರಿಗಿರುತ್ತದೆ? ಆದ್ದರಿಂದ ನಿಮ್ಮ ಜೊತೆಗಾತಿ ಎರಡು ದಿನ ಮೊದಲೇ, ನಿಮ್ಮ ಒಪ್ಪಿಗೆ ಪಡೆದು, ನೀವು ಹೇಳಬಹುದು ಎಂದಷ್ಟನ್ನೇ ಲಾಡ್ಜಿನವರಿಗೆ ಹೇಳಿ ಕೋಣೆ ಗೊತ್ತುಮಾಡಿರಬೇಕು. ಅವರ ದನಿಯಲ್ಲಿ ತಡವರಿಕೆ ಕಂಡರೆ ಬೇರೆ ಜಾಗ ನೋಡಬೇಕು. ಗುಂಪಿನ ಉಳಿದವರಿಗೆ ನಿಮ್ಮ ಬಗ್ಗೆ ಏನನ್ನೂ ಹೇಳುವ ಅಧಿಕಾರ ಆ ಜೊತೆಗಾತಿಗಿಲ್ಲ.

ಇನ್ನೊಂದು ಮಾತು. ‘ಮನೆಯವರಿಗೆ ತಿಳಿಸಿ ಹೊರಡಿ’ ಎಂದು ನಾವು ಅಂಕಣಕಾರರು ಸಲೀಸಾಗಿ ಬರೆದುಬಿಡುತ್ತೇವೆ. ಮನೆಯೇ ದೂರವಾಗಿರುವವರು ಎಷ್ಟೋ ಮಂದಿ ಇದ್ದಾರೆ. ನಿಮಗೆ ನಂಬಿಕೆಯಿರುವ ಇಬ್ಬರಿಗೆ, ಅವರು ಯಾರೇ ಆಗಿರಲಿ, ಫೋನಿನಿಂದ ಲೊಕೇಶನ್ ಕಳುಹಿಸಿ, ಎಷ್ಟು ಗಂಟೆಗೆ ನಿಮ್ಮ ಕರೆ ಬರದಿದ್ದರೆ ವಿಚಾರಿಸಬೇಕು ಎಂಬುದನ್ನು ಹೇಳಿಡಿ. ತುರ್ತಿಗೆ 112 ಇದೆ.

ಪ್ರಶ್ನೆ: ನಾನು ಇದುವರೆಗೆ ಮೂರು ಬಾರಿಯಷ್ಟೇ ಸೈಕಲ್ಲಿನಲ್ಲಿ ರಾತ್ರಿ ತಂಗುವ ಪ್ರವಾಸ ಮಾಡಿದ್ದೇನೆ. ಕಚೇರಿಯ ಇಬ್ಬರು ಹುಡುಗಿಯರು ‘ಅಕ್ಕಾ, ನಮ್ಮನ್ನೂ ಕರೆದುಕೊಂಡು ಹೋಗಿ’ ಎಂದು ಕೇಳುತ್ತಿದ್ದಾರೆ. ನನಗೆ ಅಷ್ಟು ಅರ್ಹತೆ ಇದೆಯೇ?
– ಓದುಗರು, ಧಾರವಾಡ

ಉತ್ತರ: ಇದೆ. ಆದರೆ ‘ಕರೆದುಕೊಂಡು ಹೋಗಿ’ ಎಂಬ ಮಾತನ್ನು ಪೂರ್ತಿ ಒಪ್ಪಿಕೊಳ್ಳಬೇಡಿ. ದಾರಿಯನ್ನು ಅವರೇ ನಕ್ಷೆಯಲ್ಲಿ ಗುರುತಿಸಲಿ, ಲಾಡ್ಜಿಗೆ ಅವರೇ ಫೋನ್ ಮಾಡಲಿ, ನೀವು ಪಕ್ಕದಲ್ಲಿ ಕುಳಿತು ಅಪಾಯವಿರುವ ಕಡೆ ಮಾತ್ರ ಬಾಯಿ ಹಾಕಿ. ರಸ್ತೆಯಲ್ಲಿ ನೀವು ಹಿಂದೆ ಇರಿ. ಮುಂದಿದ್ದರೆ ಅವರು ನಿಮ್ಮ ಬೆನ್ನು ನೋಡಿಕೊಂಡು ಬರುತ್ತಾರೆಯೇ ಹೊರತು ದಾರಿ ನೋಡುವುದಿಲ್ಲ. ಪಂಕ್ಚರ್ ಆದಾಗ ನಿಮ್ಮ ಎರಡೂ ಕೈ ಹಿಂದಕ್ಕಿರಲಿ. ನೀವು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ಅವರಿಗೆ ಮುಕ್ಕಾಲು ಗಂಟೆ ಹಿಡಿಯಬಹುದು, ಆ ಹೊತ್ತನ್ನು ದಿನದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡಿರಿ.

ಮುಟ್ಟಿನ ವಿಚಾರವನ್ನು ಅವರು ಎತ್ತಲಿ ಎಂದು ಕಾಯಬೇಡಿ. ಪ್ಯಾಡು, ಬಳಸಿದ್ದನ್ನು ಸುತ್ತಿಡಲು ಕಾಗದ, ಒಂದು ಜೊತೆ ಒಣ ಒಳಉಡುಪು ನಿಮ್ಮ ಚೀಲದಲ್ಲಿವೆ ಎಂದು ಹೊರಡುವ ಮುನ್ನವೇ ಹೇಳಿಬಿಡಿ. ಶೌಚಾಲಯ ಸಿಗದೆಂಬ ಹೆದರಿಕೆಯಿಂದ ನಮ್ಮ ಹೆಣ್ಣುಮಕ್ಕಳು ದಾರಿಯಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಬಿಸಿಲಿನಲ್ಲಿ ತಲೆಸುತ್ತು ಬರುವುದಕ್ಕೆ ಅದೂ ಒಂದು ಕಾರಣ. ನಿಲ್ಲುವ ಜಾಗಗಳನ್ನು ಶೌಚಾಲಯ ನೋಡಿಯೇ ಗೊತ್ತುಮಾಡಿ, ನಿಂತಾಗಲೆಲ್ಲ ನೀವೇ ಮೊದಲು ಬಾಟಲಿ ಎತ್ತಿ.

ಊರಿಗೆ ಮರಳಿದ ಮರುದಿನ ಇಬ್ಬರನ್ನೂ ಕೂರಿಸಿಕೊಂಡು, ಹೊತ್ತೊಯ್ದು ಬಳಸದೇ ವಾಪಸು ತಂದದ್ದೇನು, ಬೇಕಾಗಿದ್ದೂ ಚೀಲದಲ್ಲಿ ಇಲ್ಲದಿದ್ದದ್ದೇನು ಎಂದು ಕೇಳಿ ಬರೆಸಿಡಿ. ಮುಂದಿನ ಸಲ ಕಚೇರಿಯ ಇನ್ನೊಬ್ಬಳು ಕೇಳಿಕೊಂಡು ಬಂದಾಗ ಆ ಹಾಳೆಯನ್ನು ಅವಳಿಗೆ ಕೊಡುವವರು ನೀವಾಗುವುದು ಬೇಡ, ಅವರಿಬ್ಬರಲ್ಲಿ ಒಬ್ಬರೇ ಕೊಡಲಿ.