ಬಿಲ್ ‘ಸ್ಪ್ಲಿಟೆಡ್’ ಆಗುತ್ತದೆಯೇ?

ಪ್ರಶ್ನೆ: ಆಫೀಸಿನ ಗ್ರೂಪಿನಲ್ಲಿ ‘ವಿ ಸ್ಪ್ಲಿಟೆಡ್ ದ ಬಿಲ್’ ಎಂದು ಬರೆದೆ. ಸಹೋದ್ಯೋಗಿಯೊಬ್ಬರು ತಪ್ಪು ಎಂದರು. ಸರಿಯಾದ ರೂಪ ಯಾವುದು? ಅದರ ಬದಲು ‘ಸೆಪರೇಟ್’ ಬಳಸಿದರೆ ಆಗದೇ?

ಉತ್ತರ: ಅವರು ಹೇಳಿದ್ದು ಸರಿ. ಕಟ್, ಪುಟ್, ಹಿಟ್‌ಗಳ ಹಾಗೆ ಸ್ಪ್ಲಿಟ್ ಕೂಡ ಭೂತಕಾಲದಲ್ಲಿ ಬದಲಾಗದು. ‘ವಿ ಸ್ಪ್ಲಿಟ್ ದ ಬಿಲ್’ ಎಂದರೆ ಸಾಕು. ಕಾಲ ಯಾವುದೆಂದು ‘ಯೆಸ್ಟರ್‌ಡೇ’ಯಂಥ ಪದ ಹೇಳುತ್ತದೆ. ‘ಹಿ’, ‘ಶಿ’, ‘ಇಟ್’ನಂಥವು ಬಂದಾಗ ಮಾತ್ರ ಗುರುತು ಸಿಗುತ್ತದೆ: ‘ಶಿ ಸ್ಪ್ಲಿಟ್ಸ್’ ವರ್ತಮಾನ, ‘ಶಿ ಸ್ಪ್ಲಿಟ್’ ಭೂತ. ‘ಸ್ಪ್ಲಿಟಿಂಗ್’ ಬರೆಯುವಾಗ ಟಿ ಎರಡು ಬೇಕು.

‘ಸೆಪರೇಟ್’ ಬೇರೆ ಕೆಲಸದ ಪದ. ಕೂಡಿಕೊಂಡಿರುವ ಬೇರೆ ಬೇರೆ ವಸ್ತುಗಳನ್ನು ಬಿಡಿಸುವುದಕ್ಕೆ ಅದು: ಅಕ್ಕಿಯಿಂದ ಕಲ್ಲು, ಮೊಟ್ಟೆಯ ಬಿಳಿಯಿಂದ ಹಳದಿ. ಇಡಿಯಾಗಿದ್ದ ಒಂದೇ ವಸ್ತು ಹೋಳಾದರೆ ಸ್ಪ್ಲಿಟ್. ಕೊರಡನ್ನು ನಿಲ್ಲಿಸಿ ಎಳೆಗುಂಟ ಕೊಡಲಿ ಹಾಕಿದರೆ ಸ್ಪ್ಲಿಟ್. ಅದನ್ನೇ ಮಲಗಿಸಿ ಅಡ್ಡಕ್ಕೆ ಗರಗಸ ಎಳೆದರೆ ಕಟ್. ಸ್ಪ್ಲಿಟ್ ಎಸಿ ಎನ್ನುವುದೂ ಇದೇ ಲೆಕ್ಕದಲ್ಲಿ: ವಿಂಡೋ ಎಸಿಯಲ್ಲಿ ಒಂದೇ ಪೆಟ್ಟಿಗೆಯಲ್ಲಿದ್ದ ಯಂತ್ರ ಇಲ್ಲಿ ಎರಡು ಹೋಳು, ಕಂಪ್ರೆಸರ್ ಹೊರಗೆ.

ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಹೋಗಬೇಡಿ. ಸೌದೆಯಾದರೆ ಸೀಳು, ಬೇಳೆಯಾದರೆ ಒಡೆ, ಬಿಲ್ಲಾದರೆ ಹಂಚು. ಒಂದು ಕಡೆಯಂತೂ ಎರಡು ಭಾಷೆಗಳೂ ಚೆನ್ನಾಗಿ ಕೂಡುತ್ತವೆ: ನಾವು ಹಾಲು ಒಡೆಯಿತು ಎನ್ನುವಲ್ಲಿ ಬ್ರಿಟಿಷರು ‘ದ ಮಿಲ್ಕ್ ಹ್ಯಾಸ್ ಸ್ಪ್ಲಿಟ್’ ಎನ್ನುತ್ತಾರೆ. ‘ಮಿಲ್ಕ್ ಬ್ರೋಕ್’ ಎಂದರೆ ಮಾತ್ರ ಯಾರಿಗೂ ತಿಳಿಯದು.

ಎಡವುವುದು ಹೆಚ್ಚಾಗಿ ಮುಂದೆ ಬರುವ ಪುಟ್ಟ ಪದಗಳಲ್ಲಿ. ಎಷ್ಟು ಹೋಳು ಎನ್ನಲು ‘ಇನ್‌ಟು’, ಯಾರ ಯಾರ ನಡುವೆ ಎನ್ನಲು ‘ಬಿಟ್ವೀನ್’. 1,200 ರೂಪಾಯಿಯ ಬಿಲ್ಲನ್ನು ಮೂವರು ತಲಾ 400ರಂತೆ ಕೊಟ್ಟರೆ ‘ವಿ ಸ್ಪ್ಲಿಟ್ ಇಟ್ ತ್ರೀ ವೇಸ್’. ‘ವಿತ್’ ಬಳಸುವಾಗ ಎಚ್ಚರ. ‘ಐ ಸ್ಪ್ಲಿಟ್ ದ ಬಿಲ್ ವಿತ್ ರವಿ’ ಎಂದರೆ ಇಬ್ಬರೂ ಸೇರಿ ದುಡ್ಡು ಕೊಟ್ಟಿರಿ. ನಡುವಿನ ‘ದ ಬಿಲ್’ ಬಿಟ್ಟುಹೋದರೆ ರವಿಯನ್ನೇ ಬಿಟ್ಟಿರಿ ಎಂದಾಗುತ್ತದೆ.