ತೆಂಗಿನ ನಾರಿನ ಪುಟ್ಟ ಕುಂಡದ ಸಮೇತ ದೊಡ್ಡ ಕುಂಡಕ್ಕೆ ನೆಟ್ಟ ಸಸಿ, ದಿನಾ ನೀರು ಹಾಕಿದರೂ ಬಾಡುವುದೇಕೆ?
ಹೆಚ್ಚಿನ ಸಲ ಕಾರಣ ಒಂದೇ: ನಾರಿನ ಕುಂಡದ ಅಂಚು ಮಣ್ಣಿನಿಂದ ಮೇಲೆ ಉಳಿದಿರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಆ ಅಂಚು ಬೇರಿನ ಸುತ್ತಲಿನ ನೀರನ್ನು ಮೇಲಕ್ಕೆಳೆದು ಗಾಳಿಗೆ ಬಿಡುತ್ತದೆ. ಹೊರಗಿನ ಮಣ್ಣು ಒದ್ದೆಯಾಗಿದ್ದರೂ ಒಳಗಿನ ಹಿಡಿ ಮಣ್ಣು ಒಣಗಿ ಪುಡಿಯಾಗಿರುತ್ತದೆ. ಬೆರಳು ಹಾಕಿ ನೋಡಿದರೆ ಗೊತ್ತಾಗುತ್ತದೆ. ಗಾಳಿ ಜಾಸ್ತಿ ಇರುವ ಬಾಲ್ಕನಿಯಲ್ಲಂತೂ ಇದು ಇನ್ನೂ ಬೇಗ.

ನೆಡುವ ಮುಂಚೆ ಕುಂಡವನ್ನು ಹತ್ತು ನಿಮಿಷ ನೀರಲ್ಲಿಡಿ, ಗೋಡೆ ಪೂರ್ತಿ ನೆನೆಯಲಿ. ಮೇಲಿನ 1–2 ಸೆಂ.ಮೀ. ಅಂಚನ್ನು ಕತ್ತರಿಸಿ, ಉಳಿದದ್ದರ ಮೇಲೆ ಸುಮಾರು 1 ಸೆಂ.ಮೀ. ಮಣ್ಣು ಬರುವಂತೆ ಹೂಳಿ. ಸುತ್ತ ಮಣ್ಣನ್ನು ಮೆಲ್ಲಗೆ ಒತ್ತಿ. ನಡುವೆ ಪೊಳ್ಳು ಉಳಿದರೆ ನೀರು ಒಳಕ್ಕೆ ದಾಟುವುದಿಲ್ಲ.

‘ಮಣ್ಣಲ್ಲಿ ತಾನೇ ಕರಗುತ್ತದೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ನಾರು ಕೊಳೆಯಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಬೇರು ಒಳಗೇ ಸುತ್ತಿಕೊಳ್ಳುತ್ತದೆ. ಹಾಗಾಗಿ ತಳ ಹರಿದು, ಪಕ್ಕದಲ್ಲಿ ಮೂರ್ನಾಲ್ಕು ಕಡೆ ಉದ್ದಕ್ಕೆ ಸೀಳಿ.

ಈಗಾಗಲೇ ನೆಟ್ಟಾಗಿದೆಯೇ? ಕೀಳುವುದು ಬೇಡ. ಮೇಲೆ ಕಾಣುವ ಅಂಚನ್ನು ಕತ್ತರಿಯಿಂದ ತೆಗೆದು ಮಣ್ಣು ಮುಚ್ಚಿ, ಒಂದು ವಾರ ಕಾಂಡದ ಬುಡಕ್ಕೇ ನಿಧಾನವಾಗಿ ನೀರು ಹನಿಸಿ. ಹಳೆ ಪೇಪರ್ ಸುತ್ತಿ ಮಾಡಿದ ಕುಂಡಕ್ಕೂ ಇದೇ ಕ್ರಮ, ಅದು ಬೇಗ ಮೆತ್ತಗಾಗುವುದರಿಂದ ಸೀಳುವ ಕೆಲಸ ಮಾತ್ರ ಬೇಕಿಲ್ಲ.